ಗೂಡುದೀಪಕ್ಕೆ ಯಾವ ಹಾಳೆ: ಗಾಳಿಪಟದ ಕಾಗದವೋ, ಜಿಲೇಟಿನ್ನೋ?

ದೀಪಾವಳಿಯ ಗೂಡುದೀಪವನ್ನು ಮನೆಯಲ್ಲೇ ಕಟ್ಟುವವರಿಗೆ ನಾನು ಹೇಳುವುದು ಒಂದೇ: ಗಾಳಿಪಟದ ಕಾಗದ ತನ್ನಿ. ಹೋದ ವರ್ಷ ಅಂಗಡಿಯವರು "ಮಳೆ ಬಂದರೂ ಚಿಂತೆಯಿಲ್ಲ" ಎಂದು ಜಿಲೇಟಿನ್ ಹಾಳೆ ಕೊಟ್ಟರು. ಎರಡರಲ್ಲೂ ಒಂದೊಂದು ಗೂಡುದೀಪ ಮಾಡಿ ಜಗಲಿಯ ಮಾಡಿಗೆ ಅಕ್ಕಪಕ್ಕ ತೂಗುಹಾಕಿದೆ.

ನಾನು ಕಟ್ಟುವುದು ಕರಾವಳಿಯ ಹಳೆಯ ಮಾದರಿ. ಬಿದಿರಿನ ಸಲಾಕೆಯ ಆರು ಚೌಕಗಳನ್ನು ಮೂಲೆಗೆ ಮೂಲೆ ಸೇರಿಸಿ ನೂಲಿನಿಂದ ಬಿಗಿದರೆ ನಡುವೆ ಎಂಟು ತ್ರಿಕೋನಗಳು ತಾವಾಗಿ ಮೂಡುತ್ತವೆ. ಮೇಲಿನ ಮತ್ತು ಕೆಳಗಿನ ಚೌಕ ತೆರೆದಿರುತ್ತವೆ. ಉಳಿದ ಹನ್ನೆರಡು ಮುಖಗಳಿಗೆ ಹಾಳೆ ಅಂಟಿಸಬೇಕು.

ಜಿಲೇಟಿನ್ ಹಾಳೆ ಕೈಕೊಟ್ಟದ್ದು ಇಲ್ಲೇ. ಮೈದಾ ಅಂಟು ಹಿಡಿಯುವುದು ಕಾಗದ ಅದರ ನೀರನ್ನು ಹೀರಿಕೊಳ್ಳುವುದರಿಂದ. ಜಿಲೇಟಿನ್ ಎಂದು ಮಾರುವ ಹಾಳೆ ನುಣುಪಾದ ಪ್ಲಾಸ್ಟಿಕ್; ಅದು ಏನನ್ನೂ ಹೀರುವುದಿಲ್ಲ. ಒಂದು ಬದಿ ಒತ್ತಿ ಹಿಡಿದರೆ ಇನ್ನೊಂದು ಬದಿ ಜಾರುತ್ತದೆ. ಫೆವಿಕಾಲ್ ಹಚ್ಚಿದರೆ ರಾತ್ರಿ ಅಂಟಿದಂತೆ ಕಾಣುತ್ತದೆ, ಬೆಳಿಗ್ಗೆ ಉಗುರು ತಾಗಿಸಿದರೆ ಒಣಗಿದ ಅಂಟೇ ಪಟ್ಟಿಯಾಗಿ ಎದ್ದು ಬರುತ್ತದೆ.

ಎರಡು ಬದಿಯ ಟೇಪಿಗೂ ಅದೇ ಗತಿ. ಸಲಾಕೆ ಉರುಟಾಗಿರುವುದರಿಂದ ಟೇಪು ತಾಗುವುದು ಒಂದು ಗೆರೆಯಷ್ಟೇ. ಬಿಸಿಲೇರಿದಾಗ ಅದೂ ಸಡಿಲವಾಗುತ್ತದೆ. ಕೊನೆಗೆ ಹಾಳೆಯನ್ನು ಸಲಾಕೆಯ ಸುತ್ತ ಮಡಚಿ, ಹಾಳೆಗೆ ಹಾಳೆಯನ್ನೇ ಟೇಪು ಹಾಕಿ ನಿಲ್ಲಿಸಿದೆ. ಆದರೆ ಪ್ರತಿ ಮೂಲೆಯಲ್ಲಿ ನಾಲ್ಕು ಸಲಾಕೆ ಕೂಡುತ್ತವಲ್ಲ, ಅಲ್ಲಿ ಮಡಿಕೆಯ ಮೇಲೆ ಮಡಿಕೆ ಬಿದ್ದು ಗಂಟಾಯಿತು. ದೀಪ ಹಚ್ಚಿದರೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಆ ಗಂಟುಗಳೇ.

ಗಾಳಿಪಟದ ಕಾಗದಕ್ಕೆ ಮೈದಾ ಗಂಜಿ ಸಾಕು. ತುಸು ಸುಕ್ಕಾದರೂ ಪರವಾಗಿಲ್ಲ. ಅಂಟು ಪೂರ್ತಿ ಒಣಗಿದ ಮೇಲೆ ಒದ್ದೆ ಹತ್ತಿಯಿಂದ ನಡುಭಾಗವನ್ನು ಹಗುರವಾಗಿ ಒರೆಸಿ ಬಿಡಿ. ಒಣಗುತ್ತಾ ಕಾಗದ ತಾನೇ ಕುಗ್ಗಿ ಮದ್ದಳೆಯ ಚರ್ಮದಂತೆ ಬಿಗಿಯುತ್ತದೆ. ಬೆರಳಿನಿಂದ ತಟ್ಟಿದರೆ ಸದ್ದು ಬರುತ್ತದೆ! ಮಕ್ಕಳಿಗೆ ಈ ಕೆಲಸವನ್ನೇ ಕೊಡುತ್ತೇನೆ. ಕಡುಕೆಂಪು ಹಾಳೆ ಮಾತ್ರ ಬಣ್ಣ ಬಿಡುತ್ತದೆ, ಪಕ್ಕದ ಬಿಳಿ ಮುಖಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಹುಳ ಬಾರದಿರಲೆಂದು ಗಂಜಿಗೆ ಮೈಲುತುತ್ತ ಬೆರೆಸುವವರಿದ್ದಾರೆ. ಅದು ವಿಷ, ಮಕ್ಕಳ ಕೈಗೆ ಕೊಡುವ ಅಂಟಿಗೆ ಬೇಡವೇ ಬೇಡ.

ಬೆಳಕಿನಲ್ಲಿ ಹೋಲಿಕೆಯೇ ಇಲ್ಲ. ಕಾಗದ ಬೆಳಕನ್ನು ಮೈತುಂಬ ಹರಡುತ್ತದೆ; ಜಿಲೇಟಿನ್‌ನಲ್ಲಿ ಬಲ್ಬು, ಹೋಲ್ಡರು, ವಯರು ಎಲ್ಲವೂ ಹೊರಗೆ ಕಾಣುತ್ತವೆ. ಈಗಿನ ಎಲ್‌ಇಡಿ ಬಲ್ಬಿನ ಬಿಸಿ ಕಡಿಮೆ, ಹಾಗಾಗಿ ಕಾಗದ ಸುಡುವ ಹೆದರಿಕೆಯೂ ಹಿಂದಿನಷ್ಟಿಲ್ಲ.

ಗಾಳಿಗೆ ಜಿಲೇಟಿನ್ ಚರಚರ ಎನ್ನುತ್ತದೆ.

ಮಳೆಯ ವಿಷಯದಲ್ಲಿ ಅಂಗಡಿಯವರ ಮಾತು ನಿಜ. ದೀಪಾವಳಿ ಬರುವುದು ಅಕ್ಟೋಬರ್–ನವೆಂಬರ್‌ನಲ್ಲಿ. ನಮ್ಮ ಕಡೆ ಆಗ ಸಂಜೆಯ ಗುಡುಗು ಮಳೆ ಹೊಸತೇನಲ್ಲ. ಎರಚಲು ಹೊಡೆದರೆ ಕಾಗದ ಹರಿಯುತ್ತದೆ, ಜಿಲೇಟಿನ್ ಒರೆಸಿದರೆ ಮುಗಿಯಿತು. ತೆರೆದ ತಾರಸಿಯಲ್ಲಿ ತೂಗುಹಾಕಿ ತಿಂಗಳುಗಟ್ಟಲೆ ಇಡುವವರು ಅದನ್ನೇ ಆರಿಸಲಿ, ಜೊತೆಗೆ ಒಳ್ಳೆಯ ಟೇಪಿಗೂ ದುಡ್ಡು ತೆಗೆದಿಡಲಿ.

ನಮ್ಮ ಜಗಲಿಗೆ ಮಾಡು ಇದೆ. ಹಬ್ಬ ಕಳೆದ ಮೇಲೆ ಕಾಗದ ಕಿತ್ತು, ಬಿದಿರಿನ ಗೂಡನ್ನು ಅಟ್ಟಕ್ಕೇರಿಸಿ, ಮರುವರ್ಷ ಹೊಸ ಬಣ್ಣದ ಹಾಳೆ ಅಂಟಿಸುವುದು ನಮ್ಮ ರೂಢಿ. ಆ ಲೆಕ್ಕದಲ್ಲಿ ವರ್ಷದ ಖರ್ಚು ಕೆಲವು ಹಾಳೆ ಮತ್ತು ಒಂದು ಹಿಡಿ ಮೈದಾ. ಹಾಳೆಯನ್ನು ನವರಾತ್ರಿ ಮುಗಿದ ಕೂಡಲೇ ತಂದಿಡುತ್ತೇನೆ. ಹಬ್ಬದ ಹಿಂದಿನ ದಿನ ಹೋದರೆ ಉಳಿದಿರುವುದು ಯಾರಿಗೂ ಬೇಡವಾದ ಬಣ್ಣಗಳು.