ಒಂದೇ ವರ್ಷ, ಎರಡು ಲೈವ್: ಎಲಾಯ್ ಮತ್ತು ಗ್ರೋಬ್‌ಶ್ನಿಟ್

ಜರ್ಮನ್ ಪ್ರೋಗ್ ರಾಕ್‌ನಲ್ಲಿ, ಅಂದರೆ ಉದ್ದುದ್ದ ಹಾಡುಗಳ ಪ್ರೊಗ್ರೆಸಿವ್ ರಾಕ್‌ನಲ್ಲಿ, ಒಂದು ಲೈವ್ ಆಲ್ಬಮ್ ಹೇಳು ಅಂತ ಗೆಳೆಯನೊಬ್ಬ ಕೇಳಿದ. ತಲೆಗೆ ತಕ್ಷಣ ಬಂದದ್ದು ಎರಡು. ಎರಡೂ 1978ರವು. ಒಂದು ಹ್ಯಾನೋವರ್‌ನ ಎಲಾಯ್ ತಂಡದ 'ಲೈವ್'. ಇನ್ನೊಂದು ಹಾಗೆನ್ ಊರಿನ ಗ್ರೋಬ್‌ಶ್ನಿಟ್ ತಂಡದ 'ಸೋಲಾರ್ ಮ್ಯೂಸಿಕ್ ಲೈವ್'. ಹಳೆಯ ನೆನಪಿನ ಮೇಲೆ ಹೇಳಲು ಮನಸ್ಸು ಬರಲಿಲ್ಲ. ಹತ್ತು ರಾತ್ರಿ ಕೂತು ಎರಡನ್ನೂ ಕೇಳಿದೆ. ಹೆಡ್‌ಫೋನ್ ಒಂದೇ, ಸದ್ದಿನ ಮಟ್ಟವೂ ಒಂದೇ. ಜೊತೆಗೆ ಅದೇ ಹಾಡುಗಳ ಸ್ಟುಡಿಯೋ ರೂಪವನ್ನೂ ಪಕ್ಕದಲ್ಲಿಟ್ಟುಕೊಂಡೆ.

ಮೊದಲು ಎಲಾಯ್. ಎರಡು ಎಲ್‌ಪಿ ತಟ್ಟೆಗಳ ಆಲ್ಬಮ್ ಇದು. ಶುರುವಾಗುವುದೇ 'ಪೊಸೈಡನ್ಸ್ ಕ್ರಿಯೇಷನ್'ನಿಂದ. ಕ್ಲಾಸ್-ಪೀಟರ್ ಮಾಟ್ಸಿಯೋಲ್ ಅವರ ಬೇಸ್ ಗಿಟಾರ್ ಇಡೀ ಹಾಡನ್ನು ಹೆಗಲ ಮೇಲೆ ಹೊತ್ತುಕೊಂಡು ಓಡುತ್ತದೆ. ಆ ಬೇಸ್‌ಗಾಗಿಯೇ ಹಾಡನ್ನು ನಾಲ್ಕು ಸಲ ಹಾಕಿದೆ. ಆದರೆ 1977ರ 'ಓಷನ್' ಆಲ್ಬಮ್‌ನ ರೂಪವನ್ನು ಅದರ ಬೆನ್ನಿಗೇ ಕೇಳಿದರೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಚೆನ್ನಾಗಿ ನುಡಿಸಿದ್ದಾರೆ, ಅಳತೆ ತಪ್ಪದೆ ನುಡಿಸಿದ್ದಾರೆ. ಸಭಾಂಗಣದ ಗಾಳಿ ಮಾತ್ರ ಕಡಿಮೆ. ಹಾಡುವ ಫ್ರಾಂಕ್ ಬೋರ್ನೆಮಾನ್ ಅವರ ಇಂಗ್ಲಿಷ್ ಉಚ್ಚಾರಣೆ ಹಲವರಿಗೆ ಹಿಡಿಸುವುದಿಲ್ಲ. ನನಗೆ ಅದೇನೂ ತೊಂದರೆ ಅನ್ನಿಸಲಿಲ್ಲ, ಆ ಕನಸಿನಂಥ ಕೀಬೋರ್ಡ್‌ಗಳ ನಡುವೆ ಅದು ಹೊಂದಿಕೊಳ್ಳುತ್ತದೆ.

ಈ ಆಲ್ಬಮ್‌ನ ನಿಜವಾದ ಬೆಲೆ ಇರುವುದು ಹಳೆಯ ಹಾಡುಗಳಲ್ಲಿ. 'ಇನ್‌ಸೈಡ್' 1973ರದು, 'ಮ್ಯೂಟಿನಿ' 1975ರದು. ಆಗಿನ ತಂಡದಲ್ಲಿದ್ದವರ ಪೈಕಿ 1978ರ ವೇದಿಕೆಯಲ್ಲಿ ಉಳಿದದ್ದು ಬೋರ್ನೆಮಾನ್ ಒಬ್ಬರೇ. ಹಾಗಾಗಿ ಈ ಎರಡು ಹಾಡುಗಳು ಬೇರೆ ಕೈಗಳಲ್ಲಿ ಬೇರೆಯೇ ಆಗಿ ಕೇಳುತ್ತವೆ. 'ಮ್ಯೂಟಿನಿ'ಯಲ್ಲಿ ಯುರ್ಗೆನ್ ರೋಸೆಂಥಾಲ್ ಡ್ರಮ್ ಬಾರಿಸುವ ರೀತಿ ಕೇಳಿ. ಸ್ಕಾರ್ಪಿಯನ್ಸ್ ಅನ್ನುವ ಹಾರ್ಡ್ ರಾಕ್ ತಂಡದಲ್ಲಿ ಇದ್ದು ಬಂದವರು ಅವರು, ಆ ಗಟ್ಟಿತನ ಕೈಯಲ್ಲಿ ಇದೆ.

ಗ್ರೋಬ್‌ಶ್ನಿಟ್ ಕಥೆಯೇ ಬೇರೆ. 1974ರ 'ಬಾಲರ್‌ಮಾನ್' ಆಲ್ಬಮ್‌ನಲ್ಲಿ 'ಸೋಲಾರ್ ಮ್ಯೂಸಿಕ್' ಅರ್ಧ ಗಂಟೆಯ ಆಸುಪಾಸಿನ ಹಾಡು. ನಾಲ್ಕು ವರ್ಷ ವೇದಿಕೆಯಲ್ಲಿ ನುಡಿಸಿ ನುಡಿಸಿ ಅದು ಬೆಳೆಯಿತು. 1978ರ ಏಪ್ರಿಲ್‌ನಲ್ಲಿ ಮ್ಯೂಲ್‌ಹೈಮ್‌ನಲ್ಲಿ ಧ್ವನಿಮುದ್ರಿಸುವ ಹೊತ್ತಿಗೆ ಐವತ್ತು ನಿಮಿಷ ದಾಟಿತ್ತು. ಇಡೀ ಎಲ್‌ಪಿ ತುಂಬ ಅದೊಂದೇ! ನಮ್ಮ ಸಂಗೀತ ಕಚೇರಿಗಳಲ್ಲಿ ಅಲ್ಲೇ ಹುಟ್ಟಿಸಿ ನುಡಿಸುವುದಕ್ಕೆ ಮನೋಧರ್ಮ ಅನ್ನುತ್ತೇವಲ್ಲ, ಅದು ಇಲ್ಲಿ ಸಿಗುತ್ತದೆ. ಎಲಾಯ್‌ನಲ್ಲಿ ಅದಿಲ್ಲ.

ಶುರುವಿನ ಹಾಡುಗಾರಿಕೆ ಮತ್ತು ಚಿತ್ರವಿಚಿತ್ರ ಸದ್ದುಗಳು ಮೊದಲ ಸಲ ತಲೆ ಕೆಡಿಸಬಹುದು. ವೇದಿಕೆಯ ಮೇಲಿದ್ದ ವೇಷ, ಬೆಂಕಿ, ಹೊಗೆ ನಮಗೆ ಕಾಣುವುದಿಲ್ಲ ಅಲ್ವಾ, ಆ ನಷ್ಟ ಇದ್ದೇ ಇದೆ. ಸ್ವಲ್ಪ ತಾಳಿಕೊಳ್ಳಿ. 'ಓಟ್ಟೋ ಪಾಂಕ್‌ರಾಕ್' ಅನ್ನುವ ಭಾಗ ಬರುತ್ತದೆ. ಗಿಟಾರ್ ಲೂಪೋ ಅವರದು, ಗೆರ್ಡ್-ಓಟ್ಟೋ ಕ್ಯೂನ್ ಅಂತ ನಿಜ ಹೆಸರು. ಆ ಭಾಗದ ಹೆಸರಲ್ಲೂ ಅವರೇ ಇದ್ದಾರೆ. ಒಂದು ಸಣ್ಣ ಎಳೆಯನ್ನು ಹಿಡಿಯುತ್ತಾರೆ, ಎತ್ತರಕ್ಕೆ ಒಯ್ಯುತ್ತಾರೆ, ಇನ್ನೇನು ಮುಗಿಯಿತು ಅನ್ನುವಾಗ ಮತ್ತೆ ಅದನ್ನೇ ಹಿಡಿದು ಇನ್ನೂ ಮೇಲೆ ಹೋಗುತ್ತಾರೆ. ಹಿಂದೆ ಡ್ರಮ್ಮರ್ ಎರಾಕ್ ಅವರ ಡ್ರಮ್ ಬಿಡದೆ ತಳ್ಳುತ್ತದೆ. ಏಳನೆಯ ರಾತ್ರಿ ಇದನ್ನು ಕೇಳುವಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಎದ್ದದ್ದೇ ಗೊತ್ತಾಗಿರಲಿಲ್ಲ.

ಧ್ವನಿಯ ಸ್ವಚ್ಛತೆ ಮುಖ್ಯ ಅನ್ನುವವರಿಗೆ ಎಲಾಯ್ ಸರಿ. ಕೆಲಸ ಮಾಡುತ್ತಾ ಸುಮ್ನೆ ಹಿನ್ನೆಲೆಗೆ ಹಾಕಿಕೊಳ್ಳಲೂ ಅದೇ ವಾಸಿ. 'ಓಷನ್' ಈಗಾಗಲೇ ನಿಮ್ಮ ಹತ್ತಿರ ಇದ್ದರೆ ಮಾತ್ರ ಈ ಲೈವ್‌ನಲ್ಲಿ ಹೊಸದು ಜಾಸ್ತಿ ಸಿಗುವುದಿಲ್ಲ. 'ಬಾಲರ್‌ಮಾನ್' ಇದ್ದವರಿಗೂ ಗ್ರೋಬ್‌ಶ್ನಿಟ್ ಲೈವ್ ಬೇಕೇ ಬೇಕು.

ಗೆಳೆಯನಿಗೆ ಗ್ರೋಬ್‌ಶ್ನಿಟ್ ಹೇಳಿದೆ. ಎಲ್‌ಪಿ ಬೇಡ, ಸಿಡಿ ತಗೋ ಅಂತಲೂ ಹೇಳಿದೆ. ಎಲ್‌ಪಿಯಲ್ಲಿ ಸಂಗೀತ ಏರುತ್ತಿರುವಾಗಲೇ ಎದ್ದು ಹೋಗಿ ತಿರುವಿ ಹಾಕಬೇಕು. ನಾನು ಅದನ್ನು ಮಾಡಿ ನೋಡಿದ್ದೇನೆ, ಕೇಳುತ್ತಿದ್ದ ಗುಂಗು ಅಲ್ಲೇ ಹರಿದುಹೋಗುತ್ತದೆ.