ವಿನಿಮಯಕ್ಕೆ ಯಾರನ್ನು ಕಳಿಸೋಣ: ಎಂಬಿಬಿಎಸ್ ವಿದ್ಯಾರ್ಥಿಯನ್ನೋ, ಪಿಜಿಯನ್ನೋ?

ಎರಡು ದೇಶಗಳ ವೈದ್ಯಕೀಯ ಕಾಲೇಜುಗಳು ಕಲಿಯುವವರನ್ನು ಅತ್ತಿಂದಿತ್ತ ಕಳಿಸುವುದಾದರೆ ಯಾವ ಹಂತದವರು ಒಳ್ಳೆಯದು, ಎಂಬಿಬಿಎಸ್ ಓದುತ್ತಿರುವವರೋ, ಅದನ್ನು ಮುಗಿಸಿ ಸ್ನಾತಕೋತ್ತರ ತರಬೇತಿಯಲ್ಲಿರುವ ಡಾಕ್ಟರೋ (ಪಿಜಿ) ಎಂದು ಕೇಳಿದ್ದೀರಿ. ಕೀನ್ಯಾದ ಎಲ್ಡೊರೆಟ್‌ನ ಮೋಯಿ ವಿಶ್ವವಿದ್ಯಾಲಯಕ್ಕೂ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೂ ಮೂರು ದಶಕ ದಾಟಿದ ನಂಟಿದೆ. ಅಂಥ ಜೋಡಿಯನ್ನೇ ಇಟ್ಟುಕೊಂಡು ನೋಡೋಣ.

ಮುಖ್ಯ ಪ್ರಶ್ನೆ, ರೋಗಿಯನ್ನು ಮುಟ್ಟಲು ಬಿಡುತ್ತಾರಾ? ಅಮೆರಿಕದ ಹಲವು ಕಾಲೇಜುಗಳಲ್ಲಿ ಕೊನೆಯ ವರ್ಷದ ವಿದೇಶಿ ವಿದ್ಯಾರ್ಥಿ ಹಿರಿಯರ ಕಣ್ಣೆದುರು ರೋಗಿಯಿಂದ ಕಾಯಿಲೆಯ ವಿವರ (ಹಿಸ್ಟರಿ) ಕೇಳಬಹುದು, ಸ್ಟೆತಸ್ಕೋಪ್ ಇಡಬಹುದು. ಡಿಗ್ರಿ ಮುಗಿಸಿದ ಕೀನ್ಯಾದ ಡಾಕ್ಟರಿಗೆ ಅಲ್ಲಿನ ಲೈಸೆನ್ಸ್ ಇಲ್ಲದಿದ್ದರೆ ಸಾಮಾನ್ಯವಾಗಿ ನೋಡುವುದಷ್ಟೇ ಪಾಲಿಗೆ. ತನ್ನೂರಲ್ಲಿ ಇಡೀ ವಾರ್ಡ್ ನಡೆಸುವವರು ರೌಂಡ್ಸ್‌ನಲ್ಲಿ ಹಿಂದೆ ಕೈಕಟ್ಟಿ ನಿಲ್ಲಬೇಕು. ಎಲ್ಡೊರೆಟ್‌ಗೆ ಬರುವ ಅಮೆರಿಕದ ಪಿಜಿ ಮಾತ್ರ ವಾರ್ಡ್ ಕೆಲಸಕ್ಕೇ ಇಳಿಯುತ್ತಾರೆ. ಇದು ಸರಿಯಲ್ಲ ಅಲ್ವಾ?

ಖರ್ಚಿನಲ್ಲಿ ಟಿಕೆಟ್, ವಸತಿ ವಿದ್ಯಾರ್ಥಿಗೂ ಪಿಜಿಗೂ ಒಂದೇ. ವೀಸಾ ಸಿಗದಿದ್ದರೂ ಅರ್ಜಿ ಶುಲ್ಕ ವಾಪಸ್ ಬರುವುದಿಲ್ಲ. ಅದನ್ನು ಹಣವಿರುವ ಕಾಲೇಜೇ ಹೊರಬೇಕು. ಆದರೆ ಪಿಜಿ ಹೋದರೆ ಡ್ಯೂಟಿ ಖಾಲಿ ಬೀಳುತ್ತದೆ, ವಿದ್ಯಾರ್ಥಿ ಹೋದರೆ ಆ ತೊಂದರೆ ಕಡಿಮೆ.

ಭಾಷೆ? ಇಂಗ್ಲಿಷ್‌ನಲ್ಲಿ ಓದಿದ ಕೀನ್ಯಾದವರಿಗೆ ಸುಲಭ. ಕೀನ್ಯಾದ ಸ್ವಾಹಿಲಿ ಭಾಷೆ ಬಾರದ ಅಮೆರಿಕದವರ ಜೊತೆ ಸ್ಥಳೀಯ ಜೊತೆಗಾರರೊಬ್ಬರು ಇರಲೇಬೇಕು.

ನಂಟು ಹೊಸದು, ಸಿಬ್ಬಂದಿ ಕಡಿಮೆ ಎಂದಾದರೆ ವಿದ್ಯಾರ್ಥಿಗಳಿಂದ ಶುರು ಮಾಡಿ. ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಓದುವಂಥ ಒಂದು ನಿರ್ದಿಷ್ಟ ವಿದ್ಯೆ ಬೇಕಿದ್ದು, ಊರಿಗೆ ಮರಳಿದಾಗ ಆ ಯಂತ್ರವೂ ಇದ್ದರೆ ಪಿಜಿಯನ್ನೇ ಕಳಿಸಿ. ಅವರ ಡ್ಯೂಟಿಗೆ ಬದಲಿ ಯಾರು ಎಂಬುದನ್ನು ಒಪ್ಪಂದದಲ್ಲೇ ಬರೆಸಿ.