ತಮಗೋಚಿನಾ, ಫರ್ಬಿನಾ?

ಮಗುವಿಗೆ ತೊಂಬತ್ತರ ದಶಕದ ಆಟಿಕೆ ಕೊಡಿಸಬೇಕಾ? ನನ್ನ ಓಟು ತಮಗೋಚಿಗೆ. 1996ರಲ್ಲಿ ಜಪಾನಿನ ಬಂದೈ ಕಂಪನಿ ತಂದ ಈ ಮೊಟ್ಟೆಯಾಕಾರದ ಎಲೆಕ್ಟ್ರಾನಿಕ್ ಆಟಿಕೆಗೆ ಇರುವುದು ಮೂರೇ ಗುಂಡಿ. ಪುಟ್ಟ ಪರದೆಯೊಳಗಿನ ಮರಿ ಹಸಿವಾದರೆ ಪೀಪೀ ಅನ್ನುತ್ತದೆ, ಊಟ ಹಾಕಬೇಕು, ಕಕ್ಕ ಬಾಚಬೇಕು, ಮರೆತರೆ ಸತ್ತೇ ಹೋಗುತ್ತದೆ, ಅದಕ್ಕೇ ಆಗ ಮಕ್ಕಳು ಅದನ್ನು ಶಾಲೆಗೂ ಒಯ್ಯುತ್ತಿದ್ದರು, ಎಷ್ಟೋ ಶಾಲೆಗಳು ಬೇಡ ಅಂದವು.

ಫರ್ಬಿ ಅಮೆರಿಕದ ಮಾತಾಡುವ ಗೊಂಬೆ, 1998ರದ್ದು. ಗೂಬೆಯಂಥ ಮುಖ, ಮೈತುಂಬ ರೋಮ. ಮೊದಲು ತನ್ನದೇ ಭಾಷೆ, ಆಮೇಲೆ ನಿಧಾನಕ್ಕೆ ಇಂಗ್ಲಿಷ್. ನಮ್ಮ ಮಾತು ಕೇಳಿ ಕಲಿಯುತ್ತದೆ ಅಂತ ಹೆದರಿ ಅಲ್ಲಿನ ರಾಷ್ಟ್ರೀಯ ಭದ್ರತಾ ಏಜೆನ್ಸಿ ಇದನ್ನು ಕಚೇರಿಯೊಳಗೇ ಬಿಡಲಿಲ್ಲ. ನಿಜಕ್ಕೂ ಅದರಲ್ಲಿ ರೆಕಾರ್ಡಿಂಗ್ ಇರಲೇ ಇಲ್ಲ! ಮುದ್ದಾಡಲು ಫರ್ಬಿಯೇ ಚೆಂದ. ಆದರೆ ಹಳೇ ಫರ್ಬಿಗೆ ಆಫ್ ಸ್ವಿಚ್ ಇಲ್ಲ, ನಿದ್ದೆ ಹಗುರ ಇರುವವರ ಮನೆಗೆ ಬೇಡ.